ಇಡೀ ಮನೆಯ ನೀರಿಗೆ ಒಂದೇ ಮೆಷಿನ್ ಬೇಡ

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ಮನೆ ಕಟ್ಟಿಸಿದ್ದೇವೆ. ನಾವು ಐದು ಜನ. ಬೋರ್‌ವೆಲ್ ನೀರೇ ಗತಿ. ವರ್ಷ ತುಂಬುವುದರೊಳಗೆ ನಲ್ಲಿಗಳ ಬಾಯಿಗೆಲ್ಲ ಸುಣ್ಣ ಕಟ್ಟಿದೆ, ಸೋಲಾರ್ ನೀರು ದಾರದ ಹಾಗೆ ಬರುತ್ತದೆ, ಕುಕ್ಕರ್ ಎಷ್ಟು ಕೂಗಿದರೂ ತೊಗರಿಬೇಳೆ ಕರಗುವುದಿಲ್ಲ. ಒಬ್ಬರು ಬಂದು ಟಿಡಿಎಸ್ ಮೀಟರ್ ಅದ್ದಿ ನೋಡಿ, ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಿ ಎಂದರು. ಇನ್ನೊಬ್ಬರು ಪೈಪಿಗೆ ಕಟ್ಟುವ ಅಯಸ್ಕಾಂತವೇ ಸಾಕು ಎನ್ನುತ್ತಾರೆ. ನಮ್ಮ ಭಾವನವರದು ಇಡೀ ಮನೆಗೆ ದೊಡ್ಡ ಆರ್‌ಒ ಹಾಕಿಸಿ ಎಂಬ ಸಲಹೆ. ಪ್ರಯೋಗಾಲಯದ ವರದಿಯಲ್ಲಿ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಟಿಡಿಎಸ್ 1180, ಒಟ್ಟು ಗಡಸುತನ 640, ನೈಟ್ರೇಟ್ 62, ಫ್ಲೋರೈಡ್ 0.8, ಕಬ್ಬಿಣ 0.2 ಎಂದಿದೆ. ಅತ್ತೆಗೆ ಬಿಪಿ ಇದೆ. ಹಿತ್ತಲಲ್ಲಿ ತೆಂಗಿನ ಸಸಿಗಳಿವೆ. ಯಾವುದನ್ನು ಕೊಳ್ಳಲಿ?
— ಗೃಹಿಣಿ, ತುಮಕೂರು

ಉತ್ತರ: ತಾಯಿ, ಕೊಳ್ಳುವ ಮುಂಚೆಯೇ ನೀರು ಪರೀಕ್ಷೆ ಮಾಡಿಸಿದ್ದೀರಿ, ಅದು ನನಗೆ ತುಂಬ ಸಮಾಧಾನ ತಂದಿತು. ನಾನು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಎಷ್ಟೋ ಜನ ಮೆಷಿನ್ ಹಾಕಿಸಿ, ಅದರಿಂದ ಪ್ರಯೋಜನ ಕಾಣದೆ, ಆಮೇಲೆ ಬಾಟಲಿ ಹಿಡಿದು ಬರುತ್ತಿದ್ದರು. ಆ ಹೊತ್ತಿಗೆ ದುಡ್ಡು ಹೋಗಿರುತ್ತಿತ್ತು.

ಮೊದಲು ಆ ಮೀಟರಿನ ವಿಷಯ. ನೀರಿನಲ್ಲಿ ಕರಗಿರುವ ಎಲ್ಲ ಲವಣಗಳಿಗೂ ಸೇರಿಸಿ ಅದು ಟಿಡಿಎಸ್ ಎಂಬ ಒಂದು ಅಂದಾಜು ಅಂಕಿ ತೋರಿಸುತ್ತದೆ, ಅಷ್ಟೆ. ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಒಟ್ಟು ಲವಣದಲ್ಲಿ ಅವುಗಳ ಪಾಲೆಷ್ಟು ಎಂದು ಆ ಮೀಟರ್ ಹೇಳಲಾರದು. ಸಾಫ್ಟ್‌ನರ್ ಕೆಲಸ ಮಾಡುತ್ತಿದೆಯೇ ಎಂಬುದೂ ಅದರಿಂದ ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬಂದು ಕೂರುವುದರಿಂದ ಟಿಡಿಎಸ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಕೆಲವರು ನೀರಿಗೆ ಕರೆಂಟಿನ ಕಡ್ಡಿಗಳನ್ನು ಇಳಿಸಿ, ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ ಹೆದರಿಸುತ್ತಾರೆ. ಆ ಬಣ್ಣ ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು, ನಿಮ್ಮ ನೀರಿನ ಕೊಳೆಯಲ್ಲ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಹರಿಯುವುದೂ ಕಡಿಮೆ, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ. ಬೇಕಾದ್ದು ಗಡಸುತನ ಅಳೆಯುವ ಹನಿ ಕಿಟ್. ನೀರು ಕೆಂಪಿನಿಂದ ನೀಲಿಗೆ ತಿರುಗುವವರೆಗೆ ಹನಿ ಎಣಿಸಿದರೆ ಆಯಿತು. ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಈಗ ನಿಮ್ಮ ವರದಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಒಟ್ಟು ಗಡಸುತನ 200 ಇದ್ದರೆ ಒಳ್ಳೆಯದು. ಬೇರೆ ನೀರಿಲ್ಲದ ಕಡೆ 600ರವರೆಗೆ ಒಪ್ಪಬಹುದು. ನಿಮ್ಮದು ಅದನ್ನೂ ದಾಟಿದೆ. ಆದರೆ ನನ್ನ ಕಣ್ಣು ನಿಂತದ್ದು ನೈಟ್ರೇಟ್ ಮೇಲೆ. ಅದರ ಮಿತಿ 45, ಯಾವ ವಿನಾಯಿತಿಯೂ ಇಲ್ಲ. ನಲ್ಲಿಯ ಸುಣ್ಣ ಕಣ್ಣಿಗೆ ಬೀಳುತ್ತದೆ, ನೈಟ್ರೇಟ್ ಕಣ್ಣಿಗೂ ಬೀಳುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ನಿಮ್ಮ ಮನೆಯದೋ ಪಕ್ಕದ ಮನೆಯದೋ ಶೌಚದ ಗುಂಡಿ, ದನದ ಕೊಟ್ಟಿಗೆಯ ಗೊಬ್ಬರದ ತಿಪ್ಪೆ ಬೋರಿನ ಹತ್ತಿರ ಇದೆಯೇ ನೋಡಿ. ಇದ್ದರೆ ನೀರಿನಲ್ಲಿ ರೋಗಾಣುಗಳಿವೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿ. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಮನೆಯಲ್ಲಿ ಆರು ತಿಂಗಳೊಳಗಿನ ಮಗು ಇದ್ದರೆ ಈ ನೀರಿನಲ್ಲಿ ಪುಡಿ ಹಾಲು ಕಲಸಲೇಬೇಡಿ, ರಕ್ತ ಆಮ್ಲಜನಕ ಹೊರುವ ಶಕ್ತಿಯೇ ಕುಗ್ಗಬಹುದು.

ಆದ್ದರಿಂದ ಯಾವ ಮೆಷಿನ್ ಎಂದು ಕೇಳುವ ಮೊದಲು ಯಾವ ಕೆಲಸಕ್ಕೆ ಯಾವ ನೀರು ಎಂದು ವಿಂಗಡಿಸಿಕೊಳ್ಳಿ. ಗಿಡಗಳಿಗೆ, ಕಕ್ಕಸಿಗೆ, ಅಂಗಳ ತೊಳೆಯಲು ಬೋರ್ ನೀರು ಇದ್ದಹಾಗೇ ಸಾಕು. ಸ್ನಾನ, ಬಟ್ಟೆ, ಪಾತ್ರೆ, ಸೋಲಾರ್ ಇವಕ್ಕೆ ಮೆದು ನೀರು. ಕುಡಿಯಲು, ಅಡುಗೆಗೆ ಆರ್‌ಒ. ಬೇಳೆ ಬೇಯದಿರುವುದೂ ಕ್ಯಾಲ್ಸಿಯಂನಿಂದಲೇ, ಅದು ಕಾಳಿನ ಪೆಕ್ಟಿನ್ ಜೊತೆ ಸೇರಿ ಬಿಗಿಯುತ್ತದೆ. ಆರ್‌ಒ ನೀರಿನಲ್ಲಿ ಒಮ್ಮೆ ಬೇಳೆ ಇಟ್ಟು ನೋಡಿ.

ಭಾವನವರ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತದೆ. ಬೋರ್‌ವೆಲ್ ಬತ್ತುವ ನಮ್ಮ ಜಿಲ್ಲೆಯಲ್ಲಿ ಸ್ನಾನಕ್ಕೂ ಅದನ್ನು ಬಳಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಅಡುಗೆಮನೆಗೆ ಚಿಕ್ಕ ಆರ್‌ಒ ಸಾಕು. ಅದಕ್ಕೆ ಸಾಫ್ಟ್‌ನರ್‌ನಿಂದ ಬಂದ ನೀರನ್ನೇ ಕೊಡಿ, ಆರ್‌ಒ ಒಳಗಿನ ನೀರು ಸೋಸುವ ಪೊರೆಗೆ ಸುಣ್ಣ ಹಿಡಿಯದೆ ಹೆಚ್ಚು ಕಾಲ ಬಾಳುತ್ತದೆ.

ಅಯಸ್ಕಾಂತ ಕೊಳ್ಳಬೇಡಿ. ಅದು ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದೇ ಇಲ್ಲ. ಮಾರುವವರ ಎದುರಿಗೇ ಒಂದು ಪರೀಕ್ಷೆ ಮಾಡಿ. ಅಯಸ್ಕಾಂತ ದಾಟಿ ಬಂದ ನೀರನ್ನು ಅರ್ಧ ಬಾಟಲಿ ತುಂಬಿ, ಸ್ನಾನದ ಸೋಪಿನ ನಾಲ್ಕು ಚೂರು ಹಾಕಿ ಕುಲುಕಿ. ಮೊಸರೊಡೆದಂತೆ ಚರಟ ತೇಲಿದರೆ ಗಡಸು ಹಾಗೇ ಇದೆ. ಡಿಟರ್ಜೆಂಟ್ ಪುಡಿ ಹಾಕಬೇಡಿ, ಗಡಸನ್ನು ತಡೆಯುವ ವಸ್ತು ಅದರಲ್ಲೇ ಇರುತ್ತದೆ.

ಇನ್ನು ಸಾಫ್ಟ್‌ನರ್. ಒಳಗಿರುವುದು ರೆಸಿನ್ ಎಂಬ ಸಣ್ಣ ಮಣಿಗಳು. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತವೆ. ತುಂಬಿದ ಮೇಲೆ ಉಪ್ಪುನೀರು ಹಾಯಿಸಿದರೆ ಮತ್ತೆ ತಯಾರು. ಅಂಗಡಿಯವರು ಸಿಲಿಂಡರಿನ ಎತ್ತರ ಹೇಳುತ್ತಾರೆ, ನೀವು ಕೇಳಬೇಕಾದ್ದು ಒಳಗೆ ಎಷ್ಟು ಲೀಟರ್ ರೆಸಿನ್ ಇದೆ ಎಂದು. ನಿಮ್ಮ ಲೆಕ್ಕ ಹೀಗೆ: ಗಿಡ, ಕಕ್ಕಸು ಬಿಟ್ಟು ಐದು ಜನಕ್ಕೆ ದಿನಕ್ಕೆ 400 ಲೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ 640 ಮಿಲಿಗ್ರಾಂನಂತೆ ದಿನಕ್ಕೆ 256 ಗ್ರಾಂ ಗಡಸು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತದೆ, ಆಗ 25 ಲೀಟರ್ ರೆಸಿನ್ 1,250 ಗ್ರಾಂ ಹಿಡಿದೀತು. ಹತ್ತಿರ ಹತ್ತಿರ ಐದು ದಿನಕ್ಕೊಮ್ಮೆ ಉಪ್ಪುನೀರು ಹಾಯಿಸಬೇಕು, ಪ್ರತಿ ಸಲ ಸುಮಾರು ಮೂರು ಕಿಲೋ ಉಪ್ಪು. ತಿಂಗಳಿಗೆ 18 ಕಿಲೋ. ಅಯೋಡಿನ್ ಇಲ್ಲದ, ಮಣ್ಣು ಕಸವಿಲ್ಲದ ಉಪ್ಪು ತನ್ನಿ. ಇದಕ್ಕಿಂತ ಚಿಕ್ಕದನ್ನು ಕೊಂಡರೆ ಎರಡು ದಿನಕ್ಕೊಮ್ಮೆ ಉಪ್ಪು ಹಾಕುತ್ತಾ ಕೂರಬೇಕಾಗುತ್ತದೆ, ಬೇಸತ್ತು ಬಿಟ್ಟುಬಿಡುತ್ತೀರಿ. ಉಪ್ಪುನೀರು ಹಾಯಿಸಲು ಇಷ್ಟು ದಿನಕ್ಕೊಮ್ಮೆ ಎಂದು ತಿರುಗುವ ವಾಲ್ವಿಗಿಂತ, ಹರಿದ ನೀರನ್ನು ಅಳೆದು ತಾನೇ ತಿರುಗುವ ವಾಲ್ವು ಉಪ್ಪನ್ನೂ ನೀರನ್ನೂ ಉಳಿಸುತ್ತದೆ. ಕಬ್ಬಿಣ 0.2 ಇರುವುದು ನಿಮ್ಮ ಅದೃಷ್ಟ. ಹೆಚ್ಚಿದ್ದರೆ ಮಣಿಗಳ ಮೇಲೆ ತುಕ್ಕು ಕೂತು ಕೆಡುತ್ತವೆ, ಮೊದಲು ಕಬ್ಬಿಣದ ಫಿಲ್ಟರ್ ಬೇಕಾಗುತ್ತಿತ್ತು.

ಕೂರಿಸುವ ಜಾಗದ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಓವರ್‌ಹೆಡ್ ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿಗೆ ಹಾಕಿದರೆ ಒತ್ತಡ ಸಾಲದೆ ಷವರ್ ಸೊರಗುತ್ತದೆ, ಉಪ್ಪುನೀರು ಎಳೆಯುವ ವಾಲ್ವೂ ಕೆಲಸ ಮಾಡುವುದಿಲ್ಲ. ಸಂಪಿನಿಂದ ಮೇಲೇರಿಸುವ ಮೋಟಾರಿನ ಲೈನಿಗೆ ಹಾಕಿಸಿ. 25 ಲೀಟರ್ ರೆಸಿನ್‌ಗೆ ಗಂಟೆಗೆ ಸಾವಿರ ಲೀಟರಿಗಿಂತ ವೇಗವಾಗಿ ನೀರು ನುಗ್ಗಿದರೆ ಗಡಸು ಪೂರ್ತಿ ಇಳಿಯದು, ಮೋಟಾರಿನ ವೇಗವನ್ನು ಪ್ಲಂಬರ್ ಹೊಂದಿಸಲಿ. ಮೇಲೆ ಎರಡು ಟ್ಯಾಂಕ್ ಇಡಿ, ಒಂದರಲ್ಲಿ ಮೆದು ನೀರು, ಇನ್ನೊಂದರಲ್ಲಿ ಬೋರ್ ನೀರು. ಹೊಸ ಮನೆಯವರಿಗೆಲ್ಲ ನನ್ನ ಬಿನ್ನಹ ಇದೇ, ಗೋಡೆ ಮುಚ್ಚುವ ಮುಂಚೆ ಎರಡು ಲೈನ್ ಎಳೆಸಿಬಿಡಿ.

ಅತ್ತೆಯವರ ಬಿಪಿ ವಿಷಯಕ್ಕೆ ಬರುತ್ತೇನೆ. 100 ಮಿಲಿಗ್ರಾಂ ಗಡಸು ತೆಗೆದರೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಿಮ್ಮ ನೀರಿಗೆ ಲೀಟರಿಗೆ ಸುಮಾರು 290 ಮಿಲಿಗ್ರಾಂ ಹೊಸದಾಗಿ ಸೇರಿದಂತಾಯಿತು. ಅದನ್ನು ಅವರಿಗೆ ಕುಡಿಸಬೇಡಿ. ಅಡುಗೆಮನೆಯ ಆರ್‌ಒ ಆ ಸೋಡಿಯಂನ ಹೆಚ್ಚಿನ ಪಾಲನ್ನೂ ನೈಟ್ರೇಟನ್ನೂ ತೆಗೆಯುತ್ತದೆ. ಹಾಕಿಸಿದ ಮೇಲೆ ಆರ್‌ಒ ನೀರಿನ ನೈಟ್ರೇಟ್ ಮತ್ತೊಮ್ಮೆ ಪರೀಕ್ಷಿಸಿ. ತೆಂಗಿಗೂ ಮೆದು ನೀರು ಆಗದು, ಸೋಡಿಯಂ ಮಣ್ಣಿನ ರಚನೆಯನ್ನು ಕೆಡಿಸುತ್ತದೆ. ರೆಸಿನ್ ತೊಳೆದ ಉಪ್ಪುನೀರಂತೂ ಹಿತ್ತಲ ಕಡೆ ಹೋಗಲೇಬಾರದು, ಇಂಗುಗುಂಡಿಗೂ ಬಿಡಬೇಡಿ, ಅದೇ ಅಂತರ್ಜಲ ನಾಳೆ ನಿಮ್ಮ ಬೋರಿಗೆ ಬರುವುದು.

ಸೋಲಾರ್ ಗಾಜಿನ ಕೊಳವೆಯದಾದರೆ ಬಿಚ್ಚಿ ಸುಣ್ಣ ತೆಗೆಸಬಹುದು. ತಾಮ್ರದ ಸಣ್ಣ ಪೈಪಿನದಾದರೆ ತಿಳಿದವರಿಂದಲೇ ಮಾಡಿಸಿ.

ಪ್ರಶ್ನೆ: ಬೆಂಗಳೂರಿನ ಮಹದೇವಪುರದಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದೇನೆ. ಒಂದು ದಿನ ಕಾವೇರಿ, ಒಂದು ದಿನ ಬೋರ್, ಒಂದು ದಿನ ಟ್ಯಾಂಕರ್. ಕೂದಲು ಒರಟಾಗಿ ಉದುರುತ್ತಿದೆ. ಷವರಿಗೆ ಹಾಕುವ ಫಿಲ್ಟರ್ ತರಿಸಲೇ?
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಬೇಡಮ್ಮ. ಅಂಗೈಯಲ್ಲಿ ಹಿಡಿಯುವಷ್ಟು ಡಬ್ಬಿಯಲ್ಲಿ ಗಡಸು ತೆಗೆಯುವಷ್ಟು ರೆಸಿನ್ ಹಿಡಿಯುವುದಿಲ್ಲ. ಮೇಲಿನ ಲೆಕ್ಕ ನೋಡಿದರೆ ನಿಮಗೇ ತಿಳಿಯುತ್ತದೆ. ಕ್ಲೋರಿನ್ ವಾಸನೆ ಒಂದಿಷ್ಟು ಕಡಿಮೆಯಾದೀತು, ಅಷ್ಟೇ. ಗಡಸು ನೀರಿನಲ್ಲಿ ಸೋಪಿನ ಚರಟ ಕೂದಲಿಗೆ ಅಂಟಿ ಒರಟಾಗುವುದು ನಿಜ. ಬುಡದಿಂದ ಉದುರುತ್ತಿದ್ದರೆ ನೀರನ್ನೇ ದೂರುತ್ತಾ ಕೂರದೆ ಚರ್ಮದ ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಇದ್ದರೂ ಕೂದಲು ಉದುರುತ್ತದೆ. ಸೋಪು, ಸೀಗೆ ಬಿಟ್ಟು ಶಾಂಪೂ ಬಳಸಿ, ಕೊನೆಯ ಒಂದು ಚೊಂಬು ಮಾತ್ರ ಕಾವೇರಿ ನೀರು ಹುಯ್ದುಕೊಳ್ಳಿ. ಕಾವೇರಿ ಬೋರಿಗಿಂತ ಬಹಳ ಮೆದು. 2024ರ ಅಕ್ಟೋಬರಿನಲ್ಲಿ ಶುರುವಾದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ ಬಂದದ್ದು. ನಿಮ್ಮ ಕಟ್ಟಡಕ್ಕೆ ಪೂರ್ತಿ ಸಂಪರ್ಕ ಪಡೆಯಲು ಸಂಘದವರನ್ನು ಒತ್ತಾಯಿಸುವುದು ಫಿಲ್ಟರಿಗಿಂತ ಹೆಚ್ಚು ಉಪಯೋಗ. ವಾಷಿಂಗ್ ಮೆಷಿನ್ನನ್ನು ಆಗಾಗ ಬಟ್ಟೆ ಇಲ್ಲದೆ, ಬಿಸಿನೀರಿನಲ್ಲಿ ಸಿಟ್ರಿಕ್ ಆಮ್ಲದ ಪುಡಿ ಹಾಕಿ ಓಡಿಸಿ.

ಪ್ರಶ್ನೆ: ನಮ್ಮ ಬೋರ್ ನೀರು ಗಡಸಲ್ಲ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಯುತ್ತದೆ. ಹಾಗಾದರೆ ನಮಗೆ ಯಾವ ಫಿಲ್ಟರೂ ಬೇಡ ತಾನೆ?
— ರೈತರು, ಪಾವಗಡ ತಾಲ್ಲೂಕು

ಉತ್ತರ: ಯಜಮಾನರೇ, ಪಾವಗಡ ಎಂದ ಕೂಡಲೇ ನನಗೆ ಚಿಂತೆ ಹತ್ತಿತು. ನಮ್ಮ ಬಯಲುಸೀಮೆಯ ಕಲ್ಲುಬಂಡೆಯಲ್ಲಿ ಫ್ಲೋರೈಡ್ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೆ ಅದು ಫ್ಲೋರೈಡನ್ನು ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಹೆಚ್ಚಿದ ನೀರಿನಲ್ಲೇ ಫ್ಲೋರೈಡ್ ಹೆಚ್ಚು ಕರಗುತ್ತದೆ. ಅಂದರೆ ಚೆನ್ನಾಗಿ ನೊರೆ ಬರುವ ನೀರೂ ಅಪಾಯದ್ದಿರಬಹುದು. ಫ್ಲೋರೈಡ್ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5. ಊರಿನ ಮಕ್ಕಳ ಹಲ್ಲು ನೋಡಿ, ಬಿಳಿ ಅಥವಾ ಕಂದು ಪಟ್ಟೆಗಳಿದ್ದರೆ ತಡಮಾಡಬೇಡಿ. ಗ್ರಾಮ ಪಂಚಾಯ್ತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ವಿಚಾರಿಸಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೂ ಕೊಡಿ. ಮೋಟಾರ್ ಹತ್ತು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಮೂರು ಸಲ ಬಾಟಲಿ ಗಲಬರಿಸಿ ತುಂಬಿ.

ಕಾಯಿಸುವುದರಿಂದ, ಸೋಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ಸಾಫ್ಟ್‌ನರ್‌ನಿಂದಲೂ ಹೋಗುವುದಿಲ್ಲ. ಆರ್‌ಒ ತೆಗೆಯುತ್ತದೆ. ಊರಿನ ಶುದ್ಧ ನೀರಿನ ಘಟಕ ಚಾಲೂ ಇದ್ದರೆ ಅಲ್ಲಿಂದ ತನ್ನಿ, ಅದರ ನೀರನ್ನೂ ಒಮ್ಮೆ ಪರೀಕ್ಷಿಸಿ. ಆದರೆ ನನ್ನ ಮನಸ್ಸಿನಲ್ಲಿರುವುದು ಮಳೆನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಸೂರು 50 ಚದರ ಮೀಟರ್ ಇದ್ದು, ವರ್ಷಕ್ಕೆ 500 ಮಿಲಿಮೀಟರ್ ಬಂದರೂ, ಐದನೇ ಒಂದು ಭಾಗ ಹಾಳಾಯಿತೆಂದು ಬಿಟ್ಟರೆ 20,000 ಲೀಟರ್ ಕೈಗೆ ಬರುತ್ತದೆ. ಕುಡಿಯಲು, ಅಡುಗೆಗೆ ಐದು ಜನಕ್ಕೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಸುಮಾರು 9,100 ಲೀಟರ್ ಸಾಕು. ಬೆಳಕು ಬೀಳದಂತೆ ಮುಚ್ಚಿದ ತೊಟ್ಟಿ ಕಟ್ಟಿಸಿ, ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲಿ, ಜಲ್ಲಿ ಮರಳಿನ ಸೋಸು ಇಡಿ, ಕುಡಿಯುವುದನ್ನು ಕುದಿಸಿ. ಮುಂಗಾರಿಗೆ ಮೊದಲು ತೊಟ್ಟಿ ಆಗಬೇಕೆಂದರೆ ಸುಗ್ಗಿ ಮುಗಿಯುತ್ತಲೇ ಕೆಲಸಕ್ಕೆ ಕೈಹಾಕಿ, ಸೂರಿನ ಅಳತೆ ಬರೆದು ಕಳಿಸಿದರೆ ತೊಟ್ಟಿಯ ಗಾತ್ರ ಲೆಕ್ಕ ಹಾಕಿ ಕೊಡುತ್ತೇನೆ.