ಪ್ರತಿಕ್ರಿಯೆ: ಎಲ್‌ಆರ್44 ಅಲ್ಲಾಡುತ್ತದೆ, ಮೀಟರ್ ಜಾಸ್ತಿ ಬೆಳಕು ತೋರಿಸುತ್ತದೆ

ನಿಮ್ಮ ಕ್ಯಾನೊನೆಟ್‌ನಲ್ಲಿ (ಕ್ಯಾನನ್‌ನ ಹಳೆಯ ಫಿಲ್ಮ್ ಕ್ಯಾಮೆರಾ) ಎಲ್‌ಆರ್44 ಬಟನ್ ಸೆಲ್ ಸಡಿಲ, ಬೆಳಕು ಅಳೆಯುವ ಮೀಟರ್ ಓದೂ ತಪ್ಪು ಅಂದಿರಿ, ಅಲ್ವಾ? ಅದಕ್ಕೆ ಬೇಕಿದ್ದ ಪಿಎಕ್ಸ್625 ಪಾದರಸದ ಸೆಲ್ 1.35 ವೋಲ್ಟ್ ಕೊಡುತ್ತಿತ್ತು. ಎಲ್‌ಆರ್44 1.5ರಿಂದ ಶುರುವಾಗಿ ಇಳಿಯುತ್ತಲೇ ಇರುತ್ತದೆ, ಸುಮ್ನೆ ತಲೆನೋವು. ಅದೇ ಅಳತೆಯ ಸಿಲ್ವರ್ ಆಕ್ಸೈಡ್ ಸೆಲ್ ಎಸ್‌ಆರ್44 ತಗೊಳ್ಳಿ. ಅದು 1.55ರ ಹತ್ತಿರವೇ ನಿಲ್ಲುತ್ತದೆ.

ಸೆಲ್ 11.6 ಮಿ.ಮೀ. ಅಗಲ, ಕ್ಯಾಮೆರಾದ ಬ್ಯಾಟರಿ ಗೂಡು ಸುಮಾರು 16. ಸುತ್ತ ರಬ್ಬರ್ ಓ-ರಿಂಗ್ ಹಾಕಿದರೆ ಅಲ್ಲಾಟ ನಿಂತಿತು. ಮಿಕ್ಕ 0.2 ವೋಲ್ಟ್ ಇಳಿಸಲು ಸರಣಿಯಲ್ಲಿ ಚಿಕ್ಕ ಷಾಟ್ಕಿ ಡಯೋಡ್ (ಕಡಿಮೆ ವೋಲ್ಟೇಜ್ ನುಂಗುವ ಬಗೆ) ಸೇರಿಸಿ. ಮಾಮೂಲಿ ಸಿಲಿಕಾನ್ ಡಯೋಡ್ ಬೇಡ, ಅದು ತುಂಬಾ ನುಂಗುತ್ತದೆ. ಡಯೋಡ್ ಇರುವ ಕಡೆ ಸೆಲ್ ನೇರವಾಗಿ ಗೂಡಿನ ಲೋಹಕ್ಕೆ ತಗುಲದಂತೆ ತೆಳು ಟೇಪ್ ಅಂಟಿಸಿ. ತಗುಲಿದರೆ ಡಯೋಡ್ ಇದ್ದೂ ಇಲ್ಲದಂತೆ! ಮೀಟರ್ ಮುಳ್ಳು ಕದಲದಿದ್ದರೆ ಡಯೋಡ್ ತಿರುಗಿಸಿ ನೋಡಿ. ಡಯೋಡ್‌ನ ಬೆಸುಗೆಯನ್ನು ತಗಡಿನ ಚೂರಿಗೆ ಹಾಕಿ, ಸೆಲ್ ಮೇಲೆ ಬೇಡವೇ ಬೇಡ.