ಓದುಗರ ಪ್ರಶ್ನೆ: ಆಕ್ಸಿಮೀಟರ್ ಕೆಳಗಿಡದ ಅತ್ತೆ

ಪ್ರಶ್ನೆ: ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರನ್ನು ನಮ್ಮ ಅತ್ತೆ (68) ಇವತ್ತಿಗೂ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಟಿವಿಯಲ್ಲಿ ನಿಪಾ ಎಂದರೆ ಸಾಕು, ಅರ್ಧ ಗಂಟೆಗೊಮ್ಮೆ ಬೆರಳಿಗೆ ಸಿಕ್ಕಿಸಿ ನೋಡುತ್ತಾರೆ. ‘ನನಗೇನೂ ಆಗಿಲ್ಲ ಅಲ್ವಾ?’ ಎಂದು ದಿನವಿಡೀ ಕೇಳುತ್ತಾರೆ. ಹೇಗೆ ಸಮಾಧಾನ ಮಾಡುವುದು?
- ಓದುಗರು, ಬದಿಯಡ್ಕ

ಉತ್ತರ: ಸಮಾಧಾನ ಹೇಳುವುದನ್ನೇ ಕಡಿಮೆ ಮಾಡಬೇಕು. 98 ಎಂದು ಕಂಡ ಕೂಡಲೇ ಅವರ ಭಯ ಇಳಿಯುತ್ತದೆ; ನೋಡಿದ್ದರಿಂದಲೇ ಇಳಿಯಿತು ಎಂದು ಮನಸ್ಸು ಕಲಿಯುತ್ತದೆ. ಹಾಗಾಗಿ ಮುಂದಿನ ಸಲ ಇನ್ನೂ ಬೇಗ ನೋಡಬೇಕೆನಿಸುತ್ತದೆ. ನೀವು ಇಪ್ಪತ್ತು ಸಲ ‘ಏನೂ ಆಗಿಲ್ಲ ಅತ್ತೆ’ ಎನ್ನುವುದೂ ಅದೇ ಕೆಲಸ ಮಾಡುತ್ತದೆ.

ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ, ಥೈರಾಯ್ಡ್ ಮತ್ತು ಇಸಿಜಿ ನೋಡಿಸಿ. ಎದೆಬಡಿತಕ್ಕೆ ಬೇರೆ ಕಾರಣವಿದ್ದರೆ ತಿಳಿಯಲಿ. ಇಲ್ಲವೆಂದಾದ ಮೇಲೆ, ಯಂತ್ರವನ್ನು ಕಸಿದುಕೊಳ್ಳಬೇಡಿ, ಹೊತ್ತು ಗೊತ್ತು ಮಾಡಿ. ಮೊದಲ ವಾರ ದಿನಕ್ಕೆ ಆರು ಸಲ, ಎರಡನೇ ವಾರ ನಾಲ್ಕು, ಮೂರನೆಯದರಲ್ಲಿ ಎರಡು. ಅವರೇ ಪುಸ್ತಕದಲ್ಲಿ ಬರೆಯಲಿ. ನಡುವೆ ಕೇಳಿದರೆ ‘ಸಂಜೆ ಆರಕ್ಕೆ ನೋಡುವಾ’ ಎನ್ನಿ, ಅಷ್ಟೇ. ಮೊದಲ ನಾಲ್ಕೈದು ದಿನ ಚಡಪಡಿಕೆ ಹೆಚ್ಚುತ್ತದೆ. ಹೆಚ್ಚಿನ ಮನೆಗಳಲ್ಲಿ ಕೈಬಿಡುವುದು ಇಲ್ಲೇ.

ಯಂತ್ರದಲ್ಲಿ ಎರಡು ಅಂಕಿ ಇರುವುದನ್ನೂ ತೋರಿಸಿಕೊಡಿ. ಒಂದು ಆಮ್ಲಜನಕ, ಇನ್ನೊಂದು ನಾಡಿ. ಹೆದರಿಕೆಗೆ ನಾಡಿ 110 ಆಗುತ್ತದೆ. ಅದನ್ನು ಕಂಡು ಹೆದರಿಕೆ ಮತ್ತೂ ಏರುತ್ತದೆ. ತಣ್ಣೀರಿನಲ್ಲಿ ಪಾತ್ರೆ ತೊಳೆದ ಕೈಯಲ್ಲಿ ಅಥವಾ ಉಗುರು ಬಣ್ಣವಿರುವ ಬೆರಳಿನಲ್ಲಿ ಅಂಕಿ ತಪ್ಪು ಬರಬಹುದು. ಕೈ ಬೆಚ್ಚಗಿರಲಿ, ಒಂದು ನಿಮಿಷ ಕಾದು ನಿಂತ ಅಂಕಿಯನ್ನೇ ಓದಿ. ಸರಿಯಾಗಿ ನೋಡಿದಾಗಲೂ 94ಕ್ಕಿಂತ ಕೆಳಗೇ ನಿಂತರೆ, ಅಥವಾ ಅಂಕಿ ಏನೇ ಇದ್ದರೂ ಉಬ್ಬಸ ಕಂಡರೆ, ಅದು ಮನಸ್ಸಿನ ವಿಷಯವಲ್ಲ, ಆಸ್ಪತ್ರೆಗೆ ಕರೆದೊಯ್ಯಿರಿ.

ಗಾಬರಿ ಏರಿದಾಗ ‘ದೊಡ್ಡದಾಗಿ ಉಸಿರೆಳೆಯಿರಿ’ ಎನ್ನುವುದು ತಪ್ಪು ಸಲಹೆ. ಬಿರುಸಾಗಿ ಎಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಮೆಲ್ಲಗೆ ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಭಯವಿಲ್ಲದ ಹೊತ್ತಿನಲ್ಲಿ ಅಭ್ಯಾಸವಾಗಿದ್ದರೆ ಮಾತ್ರ ಗಾಬರಿಯಲ್ಲಿ ಕೈಹಿಡಿಯುತ್ತದೆ. ವಾರ್ತೆ ದಿನಕ್ಕೊಮ್ಮೆ ಸಾಕು, ಊಟದ ನಂತರ ಬೇಡ. ಸಂಜೆ ನಾಲ್ಕರ ನಂತರದ ಚಾ ಕೂಡ ನಿಲ್ಲಲಿ.

ಪ್ರಶ್ನೆ: 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ತಮ್ಮನಿಗೆ ಮಂಗಳೂರಿನ ವೈದ್ಯರು ಬರೆದ ಖಿನ್ನತೆಯ ಮಾತ್ರೆ ತಪ್ಪಿಹೋಗಿ, ಮೂರೇ ದಿನದಲ್ಲಿ ತಲೆಸುತ್ತು, ವಿಪರೀತ ಸಿಟ್ಟು. ಮತ್ತೆ ಹಾಗಾದರೆ?
- ಓದುಗರು, ಮಂಜೇಶ್ವರ

ಉತ್ತರ: ಖಿನ್ನತೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಎರಡು-ನಾಲ್ಕು ದಿನಗಳಲ್ಲಿ ಹೀಗಾಗುವುದುಂಟು; ರೋಗ ಮರುಕಳಿಸಿತೆಂದೇ ತಿಳಿಯಬೇಕಿಲ್ಲ. ಆತಂಕಕ್ಕೆ ಕೊಡುವ ಕ್ಲೊನಾಜೆಪಾಮ್ ಬಗ್ಗೆ ಹೆಚ್ಚು ಎಚ್ಚರ ಬೇಕು: ಬಹಳ ಕಾಲ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರ ಬರಬಹುದು. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ಜ್ವರ, ಭೇದಿಯಿಂದ ನೀರಿನಂಶ ಕಡಿಮೆಯಾದರೆ ಔಷಧ ರಕ್ತದಲ್ಲಿ ಏರಿ ಕೈ ನಡುಕ, ತೊದಲು ಕಾಣಿಸುತ್ತದೆ. ಅಂದೇ ವೈದ್ಯರಿಗೆ ತಿಳಿಸಿ.

ಮನೆಯಲ್ಲಿ ಎರಡು ವಾರದ ಮಾತ್ರೆ ಹೆಚ್ಚಿಗೆ ಇರಲಿ, ಆದರೆ ಸಾಯುವ ಮಾತಾಡುವವರಿದ್ದರೆ ಡಬ್ಬಿ ನಿಮ್ಮ ಕೈಯಲ್ಲಿರಲಿ. ಚೀಟಿಯ ಫೋಟೊ ಫೋನಿನಲ್ಲಿಡಿ. ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ ಎಂಬುದು ಕಾಣಬೇಕು. ಗಡಿಯ ಈಚೆಗಿನ ಅಂಗಡಿಯಲ್ಲಿ ಆ ಕಂಪನಿಯ ಮಾತ್ರೆ ಸಿಗದಿರಬಹುದು, ಅದೇ ಔಷಧ ಬೇರೆ ಹೆಸರಿನಲ್ಲಿ ಸಿಗುತ್ತದೆ. ವೈದ್ಯರಿಗೆ ಫೋನಿನಲ್ಲೇ ಮಾತಾಡಿ ಎಲ್ಲ ಮಾತ್ರೆಯನ್ನೂ ಬರೆದುಕೊಡಲು ಆಗುವುದಿಲ್ಲ, ಹಾಗಾಗಿ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಮಾನಸಿಕ ವೈದ್ಯರು ಯಾವ ದಿನ ಬರುತ್ತಾರೆಂದು ಈಗಲೇ ಕೇಳಿಟ್ಟುಕೊಳ್ಳಿ. 2022ರಿಂದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416, ದಿನದ 24 ಗಂಟೆಯೂ, ಉಚಿತ. ಭಾಷೆ ಆರಿಸುವಾಗ ಕನ್ನಡ ಒತ್ತಿ. ಕೇರಳದಲ್ಲಿದ್ದೇವೆಂದು ಮಲಯಾಳದಲ್ಲಿ ತಡವರಿಸಬೇಕಿಲ್ಲ.

ಪ್ರಶ್ನೆ: ಲಾಕ್‌ಡೌನಿನಲ್ಲಿ ಹಗಲು-ರಾತ್ರಿ ಅದಲುಬದಲಾದ ಮಗ ಈಗಲೂ ರಜೆಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಏಳುತ್ತಾನೆ.
- ಓದುಗರು, ಮುಳ್ಳೇರಿಯ

ಉತ್ತರ: ‘ಬೇಗ ಮಲಗು’ ಎಂದು ಬೈದು ಫಲವಿಲ್ಲ, ನಿದ್ದೆ ಹೇಳಿದಂತೆ ಬರುವುದಿಲ್ಲ. ಏಳುವ ಹೊತ್ತನ್ನು ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತನ್ನಿ. ಎದ್ದವನನ್ನು ಇಪ್ಪತ್ತು ನಿಮಿಷ ಅಂಗಳದ ಬಿಸಿಲಿಗೆ ಕಳಿಸಿ, ಅಡಿಕೆ ಹರಡುವ ಕೆಲಸವಿದ್ದರೆ ಅದೇ ಆಯಿತು. ಭಾನುವಾರ ರಿಯಾಯಿತಿ ಕೊಟ್ಟರೆ ಸೋಮವಾರ ಮೊದಲಿನಿಂದ ಶುರು.