ಕುಕ್ಕರ್ ಹಬೆಯ ಸುಟ್ಟಗಾಯಕ್ಕೆ ಪೇಸ್ಟ್ ಬೇಡ, ನೀರು ಬಿಡಿ

ಮುಂಗೈಗೆ ಕುಕ್ಕರ್ ಹಬೆ ಬಡಿದು ಅರ್ಧ ಗಂಟೆಯಾದರೂ ಉರಿ ನಿಂತಿಲ್ಲ ಅಂದರೆ, ಈಗಲೂ ನೀರು ಬಿಟ್ಟು ಗಾಯ ತಂಪು ಮಾಡಬಹುದು. ನೀವು ಟೂತ್‌ಪೇಸ್ಟ್ ಹಚ್ಚಿದ್ದರೆ, ಅದು ಗಾಯವನ್ನು ತಂಪು ಮಾಡುವುದಿಲ್ಲ. ಮೊದಲು ಬಳೆ, ಉಂಗುರ ತೆಗೆಯಿರಿ. ಕೈ ಊದಿಕೊಂಡರೆ ಆಮೇಲೆ ಬರುವುದಿಲ್ಲ. ಪೇಸ್ಟನ್ನು ಉಜ್ಜಬೇಡಿ, ನಲ್ಲಿ ನೀರಿನಲ್ಲೇ ತೊಳೆದುಹೋಗಲಿ. ಹಾಗೇ 20 ನಿಮಿಷ ಸಣ್ಣಗೆ ಹರಿಯುವ ನೀರಿನ ಕೆಳಗೆ ಕೈ ಹಿಡಿಯಿರಿ. ಸ್ವಲ್ಪ ಹೊತ್ತಿಗೇ ಹಾಯೆನಿಸುತ್ತದೆ, ಆದರೂ ತೆಗೆಯಬೇಡಿ. ಸುಟ್ಟ 3 ಗಂಟೆಯೊಳಗೆ ಮಾಡಿದರೂ ಉಪಯೋಗ ಇದೆ. ಐಸ್ ಮಾತ್ರ ಬೇಡವೇ ಬೇಡ. ಆಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ. ಗುಳ್ಳೆ ಒಡೆಯಬೇಡಿ.

ಎಷ್ಟು ಆಳ ಸುಟ್ಟಿದೆ ಅಂತ ನೋಡದೆ ಹೇಳಲಾಗದು. ಗಾಯ ನಿಮ್ಮ ಅಂಗೈಗಿಂತ ದೊಡ್ಡದಿದ್ದರೆ ಅಥವಾ ಚರ್ಮ ಬೆಳ್ಳಗಾಗಿ ನೋವೇ ಗೊತ್ತಾಗದಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ.